ಸ್ವಾಂಪ್ಡ್ ನಳಿಗೆ ಮರಕ್ಕೆ ಕೂರುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವುದು ಹೀಗೆ

ಎಂಟು ಪಟ್ಟಿಯ, ಅಂದರೆ ಎಂಟು ಚಪ್ಪಟೆ ಮುಖದ ಕೋವಿ ನಳಿಗೆ. ಬ್ರೀಚಿನ (ನಳಿಗೆಯ ಹಿಂತುದಿ) ಹತ್ತಿರ ದಪ್ಪ, ಮುಂದೆ ಹೋದಂತೆ ಸಣ್ಣ, ಬಾಯಿಗೆ ಬರುವಷ್ಟರಲ್ಲಿ ಮತ್ತೆ ತುಸು ದಪ್ಪ. ಇದೇ ಸ್ವಾಂಪ್ಡ್ ನಳಿಗೆ. 18ನೇ ಶತಮಾನದಲ್ಲಿ ಜರ್ಮನ್ ಮಾತಾಡುವ ಕೋವಿ ಕೆಲಸಗಾರರು ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದರು. ಅವರ ಯಾಗರ್ (ಜರ್ಮನ್ ಬೇಟೆ) ರೈಫಲ್ಲಿನ ಜೊತೆ ಈ ಆಕಾರವೂ ಹೋಗಿ ಅಮೆರಿಕದ ಉದ್ದ ರೈಫಲ್ಲುಗಳಿಗೆ ಬಂತು. ಯಾಕೆ ಇಷ್ಟಪಟ್ಟರು ಅನ್ನೋದು ಕೈಗೆತ್ತಿಕೊಂಡರೆ ಗೊತ್ತಾಗುತ್ತದೆ. 42 ಇಂಚಿನ ನಳಿಗೆಯಾದರೂ ಮೂತಿ ಕೆಳಗೆ ಜಗ್ಗುವುದಿಲ್ಲ.

ಎತ್ತಿ ಹಿಡಿಯಲು ಇಷ್ಟು ಸುಖವಾದದ್ದು ಮರಕ್ಕೆ ಕೂರಿಸುವಾಗ ಮಾತ್ರ ಕಾಡುತ್ತದೆ. ನೇರ ನಳಿಗೆಯಾದರೆ ಸ್ಕೇಲ್ ಇಟ್ಟು ಗೆರೆ ಎಳೆದು ತೋಡಬಹುದು. ಇಲ್ಲಿ ಹೊರಗಿನ ಒಂದು ಗೆರೆಯೂ ನೇರವಿಲ್ಲ. ನೇರವಾಗಿರುವುದು ಒಳಗಿನ ರಂಧ್ರ ಒಂದೇ, ಅದು ಕಣ್ಣಿಗೆ ಕಾಣುವುದಿಲ್ಲ. ಜನ ಹೇಳುವ ತೊಂದರೆಗಳಲ್ಲಿ ಎಷ್ಟೋ ತೊಂದರೆಗಳು ತೊಂದರೆಯೇ ಅಲ್ಲ, ಅಳತೆ ಹಿಡಿದ ಜಾಗ ತಪ್ಪಿರುತ್ತದೆ ಅಷ್ಟೇ. ಅಂಥದ್ದನ್ನು ಸರಿ ಮಾಡಲು ಹೋಗಿ ಉಳಿ ಆಡಿಸಿದರೆ ಆಗ ನಿಜವಾದ ತೊಂದರೆ ಶುರು. ಹೋದ ಮರ ವಾಪಸ್ ಬರುವುದಿಲ್ಲವಲ್ಲ.

ಕೆಳಗೆ ಲೆಕ್ಕಕ್ಕೆಂದು ಒಂದೇ ಮಾದರಿ ಇಟ್ಟುಕೊಂಡಿದ್ದೇನೆ: ಬ್ರೀಚಿನಲ್ಲಿ 1 ಇಂಚು, ಅತಿ ಸಣ್ಣ ಜಾಗದಲ್ಲಿ 3/4 ಇಂಚು, ಬಾಯಲ್ಲಿ 13/16 ಇಂಚು, ರಂಧ್ರ 50 ಕ್ಯಾಲಿಬರ್ ಅಂದರೆ ಅರ್ಧ ಇಂಚು. ನಿಮ್ಮದು ಬೇರೆ ಇರುತ್ತದೆ, ನಿಮ್ಮ ಅಂಕಿ ಹಾಕಿಕೊಳ್ಳಿ. ಅತಿ ಸಣ್ಣ ಜಾಗವನ್ನು ಸೊಂಟ ಅನ್ನುತ್ತೇನೆ, ನಳಿಗೆ ಕೂರುವ ತೋಡನ್ನು ಕಾಲುವೆ ಅನ್ನುತ್ತೇನೆ.

## ಕೈ ಹಾಕುವ ಮೊದಲು

ನಳಿಗೆ ಖಾಲಿ ಇದೆಯಾ ನೋಡಿ. ಹೊಸ ನಳಿಗೆಯಾದರೆ ಬೆಳಕು ಬಿಟ್ಟು ನೋಡಿದರೆ ಮುಗಿಯಿತು. ಹಳೆ ಕೋವಿಯಿಂದ ಬಿಚ್ಚಿದ್ದು, ಯಾರೋ ಕೊಟ್ಟಿದ್ದು, ಗೋಡೆ ಮೇಲೆ ನೇತಾಡುತ್ತಿದ್ದದ್ದು ಅಂದರೆ ಬಾಯಿಂದ ಗಜ (ಮದ್ದು ಜಡಿಯುವ ಕೋಲು) ಇಳಿಬಿಡಿ, ಬಾಯಿಯ ಅಂಚಿಗೆ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕ ಇಟ್ಟು ನೋಡಿ. ಗಜದ ತುದಿ ಬೆಂಕಿ ತೂತಿನ (ಒಳಗಿನ ಮದ್ದಿಗೆ ಬೆಂಕಿ ಹೋಗುವ ತೂತು) ಹತ್ತಿರ ಬರಬೇಕು. ಒಂದೆರಡು ಇಂಚು ಮೊದಲೇ ನಿಂತಿದ್ದರೆ ಒಳಗೆ ಏನೋ ಇದೆ. ಅದು ಮದ್ದು ಮತ್ತು ಗುಂಡು ಅಂತಲೇ ಇಟ್ಟುಕೊಳ್ಳಿ. ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಹತ್ತಿಕೊಳ್ಳುತ್ತದೆ. ಬಿಸಿ ಮಾಡುವುದು, ಡ್ರಿಲ್ ಹಾಕುವುದು, ಬ್ರೀಚ್ ಪ್ಲಗ್ (ನಳಿಗೆಯ ಹಿಂತುದಿ ಮುಚ್ಚುವ ಸ್ಕ್ರೂ ಬಿರಡೆ) ತಿರುಗಿಸುವುದು ಯಾವುದೂ ಬೇಡ. ಹಾಗೇ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ, ಒಳಗೆ ಏನೋ ಇದೆ ಅಂತ ಮೊದಲೇ ಹೇಳಿ.

ಮೇಪಲ್, ವಾಲ್‌ನಟ್ ಎರಡರ ಧೂಳೂ ಕೆಲವರಿಗೆ ಆಗುವುದಿಲ್ಲ. ಮಾಸ್ಕ್ ಹಾಕಿಕೊಳ್ಳಿ. ಇನ್ನೊಂದು, ಉದ್ದ ಸ್ಟಾಕಿನ (ಕೋವಿಯ ಮರದ ಭಾಗ) ಮುಂಭಾಗದ ಮರ ತುಂಬ ತೆಳ್ಳಗಿರುತ್ತದೆ. ನಳಿಗೆ ಒಳಗಿಲ್ಲದಾಗ ಅದನ್ನು ವೈಸಿಗೆ ಕಚ್ಚಿಸಬೇಡಿ, ಬಟ್ (ಹೆಗಲಿಗೆ ಒತ್ತುವ ಹಿಂಭಾಗ) ಹಿಡಿದು ಗಾಳಿಯಲ್ಲಿ ಬೀಸಿ ತಿರುಗಿಸಲೂ ಬೇಡಿ.

## ನಳಿಗೆ ಕಾಲುವೆಗೆ ಇಳಿಯುವುದೇ ಇಲ್ಲ

ಮೆಷಿನ್ನಿನಲ್ಲಿ ಮೊದಲೇ ತೋಡಿ ಬಂದ ಸ್ಟಾಕುಗಳಲ್ಲಿ ಇದು ಮಾಮೂಲು.

ಮೊದಲು ಮಾಡಬೇಕಾದದ್ದಕ್ಕೆ ಕಾಸು ಖರ್ಚಿಲ್ಲ: ಅಳತೆ. ನಳಿಗೆ ಮೇಲೆ ಬ್ರೀಚಿನಿಂದ ಎರಡೆರಡು ಇಂಚಿಗೆ ಪೆನ್ಸಿಲ್ ಗುರುತು ಹಾಕಿ, ವರ್ನಿಯರ್‌ನಿಂದ ಅಗಲ ಬರೆದುಕೊಳ್ಳಿ. ಕಾಲುವೆಯಲ್ಲೂ ಅದೇ ಜಾಗಗಳಲ್ಲಿ ಅಗಲ ಅಳೆದು ಪಕ್ಕಪಕ್ಕ ಬರೆಯಿರಿ. ಎಲ್ಲ ಕಡೆ ಕಾಲುವೆ ಸ್ವಲ್ಪ ಕಿರಿದಾಗಿದ್ದರೆ ಸಂತೋಷ, ಅದು ಇರಬೇಕಾದದ್ದೇ, ಹೆರೆದು ಕೂರಿಸಬಹುದು. ಒಂದೇ ಒಂದು ಜಾಗದಲ್ಲಿ ಕಾಲುವೆ ನಳಿಗೆಗಿಂತ ಅಗಲವಿದ್ದರೂ ನಿಲ್ಲಿಸಿ. ಅದು ಬೇರೆ ತೂಕದ ಅಥವಾ ಬೇರೆ ತಯಾರಕರ ನಳಿಗೆಗೆ ತೋಡಿದ ಸ್ಟಾಕ್ ಇರಬಹುದು, ಸೊಂಟದ ಜಾಗವೇ ಬೇರೆ ಇರಬಹುದು. ಉಳಿ ತಾಗದ ಸ್ಟಾಕನ್ನು ಮಾರಿದವರು ವಾಪಸ್ ತೆಗೆದುಕೊಂಡಾರು, ಉಳಿ ತಾಗಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ನಳಿಗೆಯನ್ನು ಯಾರಾದರೂ ಮೋಟು ಮಾಡಿದ್ದಾರಾ ನೋಡಿ. ಬಾಯಿ ಕಡೆಯಿಂದ ಕೊಯ್ದಿದ್ದರೆ ಅಲ್ಲಿನ ದಪ್ಪ ಭಾಗ ಹೋಗಿರುತ್ತದೆ. ಅಷ್ಟೇ ಉದ್ದದ, ಮೋಟು ಮಾಡದ ನಳಿಗೆಗೆ ತೋಡಿದ ಕಾಲುವೆಯಲ್ಲಿ ಅದು ಮುಂದುಗಡೆ ಸಡಿಲ ಬಿಡುತ್ತದೆ, ಹೆರೆದು ಸರಿಪಡಿಸುವ ದಾರಿಯೇ ಇರುವುದಿಲ್ಲ.

ಅಗಲ ಎಲ್ಲ ಸರಿ ಇದ್ದೂ ಬ್ರೀಚ್ ಮಾತ್ರ ಮೇಲೆ ನಿಂತಿದೆಯಾ? ಕಾಲುವೆಯ ಹಿಂದಿನ ಮೂಲೆಗಳನ್ನು ನೋಡಿ. ಮೆಷಿನ್ನಿನ ಕಟ್ಟರ್ ಗುಂಡಗಿರುತ್ತದೆ, ಮೂಲೆ ಗುಂಡಗೆ ಉಳಿಯುತ್ತದೆ. ನಳಿಗೆಯ ಹಿಂಬದಿ ಚೂಪು ಮೂಲೆಯದ್ದು. ಚೂಪಾದ ಉಳಿಯಿಂದ ಆ ಮೂಲೆಗಳನ್ನು ಬಿಡಿಸಿದರೆ ಎಷ್ಟೋ ಸಲ ನಳಿಗೆ ಧಡಕ್ಕನೆ ಇಳಿದು ಕೂರುತ್ತದೆ. ಸುಮ್ನೆ ಇಡೀ ಕಾಲುವೆಯನ್ನು ಅಗಲ ಮಾಡುತ್ತಾ ಕೂರುವವರಿದ್ದಾರೆ, ಪಾಪ.

ಬ್ರೀಚ್ ಪ್ಲಗ್ ಪೂರ್ತಿ ತಿರುಗಿ ಕೂತಿದೆಯಾ ಅಂತಲೂ ಇಲ್ಲೇ ನೋಡಿ. ಪ್ಲಗ್ಗಿಗೂ ನಳಿಗೆಗೂ ನಡುವೆ ಉಗುರು ಸಿಕ್ಕುವಷ್ಟು ಸಂದಿ ಇದ್ದರೆ ಮರದ ಕೆಲಸ ಅಲ್ಲಿಗೇ ಬಿಡಿ. ಅದು ಕಬ್ಬಿಣದ ಕಡೆಯ ದೋಷ. ಮದ್ದಿನ ಒತ್ತಡ ತಡೆಯುವ ಜಾಗ ಅದು, ಗೊತ್ತಿರುವವರೇ ಮುಟ್ಟಬೇಕು.

## ಸ್ಕೇಲ್ ಇಟ್ಟರೆ ನಳಿಗೆ ಬಾಗಿದಂತೆ ಕಾಣುತ್ತದೆ

ಬಾಗಿಲ್ಲ. ಮೇಲಿನ ಪಟ್ಟಿಯ ಮೇಲೆ ಉದ್ದ ಸ್ಕೇಲ್ ಇಟ್ಟರೆ ಅದು ಬ್ರೀಚಿಗೂ ಬಾಯಿಗೂ ತಾಗಿ ಸೊಂಟದ ಹತ್ತಿರ ಸಂದಿ ಬಿಡಲೇಬೇಕು. ನಮ್ಮ ಮಾದರಿಯಲ್ಲಿ, ಸೊಂಟ ಮೂರರಲ್ಲಿ ಎರಡು ಪಾಲು ಮುಂದಿದ್ದರೆ, ಆ ಸಂದಿ ಸುಮಾರು 1/16 ಇಂಚು, ಅಂದರೆ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚು. ನಾಲ್ಕು ಕಡೆಯೂ ಹೆಚ್ಚುಕಡಿಮೆ ಅಷ್ಟೇ ಬಂದರೆ ನಳಿಗೆ ನೆಟ್ಟಗಿದೆ. ಒಂದು ಕಡೆ ಜಾಸ್ತಿ, ಅದರ ಎದುರು ಕಡೆ ಕಡಿಮೆ ಬಂದರೆ ಅನುಮಾನ ಪಡಿ.

ಅನುಮಾನ ಬಂದರೆ ಒಳಗೆ ನೋಡುವುದೇ ಪರೀಕ್ಷೆ. ಪ್ಲಗ್ ಹಾಕದ ಹೊಸ ನಳಿಗೆಯನ್ನು ಕಿಟಕಿ ಕಡೆ ಹಿಡಿದು ಒಳಗಿನ ಬೆಳಕು, ನೆರಳುಗಳ ಉಂಗುರ ನೋಡಿ. ಒಂದರೊಳಗೊಂದು ಸರಿಯಾಗಿ ಕೂತಿದ್ದರೆ ರಂಧ್ರ ನೇರ. ಉಂಗುರ ಒಂದು ಪಕ್ಕಕ್ಕೆ ಜಾರಿದಂತಿದ್ದರೆ ನಳಿಗೆಯನ್ನು ಕೊಟ್ಟವರಿಗೇ ತೋರಿಸಿ. ಮೊಣಕಾಲ ಮೇಲಿಟ್ಟು ನೆಟ್ಟಗೆ ಮಾಡುವ ಸಾಹಸ ಬೇಡ.

ಇದೇ ಲೆಕ್ಕದಿಂದ ಮರದ ಅಂಚನ್ನೂ ಓದಬಹುದು. ಮರದ ಮೇಲಂಚು ಸಾಮಾನ್ಯವಾಗಿ ನಳಿಗೆಯ ಪಕ್ಕದ ಪಟ್ಟಿಯ ಅರ್ಧಕ್ಕೆ ಬರುತ್ತದೆ, ಅಂದರೆ ರಂಧ್ರದ ನಟ್ಟನಡುವಿನ ಎತ್ತರಕ್ಕೆ. ಎಂಟು ಪಟ್ಟಿಯ ನಳಿಗೆಯಲ್ಲಿ ಒಂದು ಪಟ್ಟಿಯ ಅಗಲ ಒಟ್ಟು ದಪ್ಪದ ಸುಮಾರು 0.41 ಪಾಲು. ಹಾಗಾಗಿ ಅಂಚಿನ ಮೇಲೆ ಕಾಣುವ ಅರ್ಧ ಪಟ್ಟಿ ಬ್ರೀಚಿನಲ್ಲಿ 5 ಮಿ.ಮೀ. ಚಿಲ್ಲರೆ, ಸೊಂಟದಲ್ಲಿ 4 ಮಿ.ಮೀ. ಇರುತ್ತದೆ. ಸೊಂಟದ ಹತ್ತಿರ ನಳಿಗೆ ಹೂತುಹೋದಂತೆ ಕಾಣುವುದು ಇದಕ್ಕೇ. ಇಡೀ ಉದ್ದಕ್ಕೆ ಕಾಣುವ ಪಟ್ಟಿ ಒಂದೇ ಅಗಲ ಇರಲಿ ಅಂತ ಸೊಂಟದ ಬಳಿ ಅಂಚು ಇಳಿಸಿದಿರೋ, ಅಂಚಿನ ಗೆರೆ ಪಕ್ಕದಿಂದ ನೋಡಿದಾಗ ಜೋತುಬೀಳುತ್ತದೆ.

## ಮಸಿ ಎಲ್ಲ ಕಡೆ ಅಂಟುತ್ತದೆ, ಎಲ್ಲಿ ಹೆರೆಯಬೇಕೋ ತಿಳಿಯುವುದಿಲ್ಲ

ನಳಿಗೆಗೆ ಮಸಿ ಸವರಿ ಕಾಲುವೆಗೆ ಒತ್ತಿ, ಮರದಲ್ಲಿ ಕಪ್ಪಾದ ಕಡೆ ಹೆರೆಯುವುದು ಹಳೇ ಪದ್ಧತಿ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿದರೂ ನಡೆಯುತ್ತದೆ, ಲಿಪ್‌ಸ್ಟಿಕ್ ಬಳಸುವವರೂ ಇದ್ದಾರೆ. ಎಲ್ಲ ಕಡೆ ಕಪ್ಪಾದರೆ ಮೊದಲ ಅನುಮಾನ ಮಸಿ ಮೇಲೆಯೇ: ಜಾಸ್ತಿ ಬಳಿದಿದ್ದೀರಿ. ಬೆರಳಿಂದ ಒರೆಸಿ, ಕಬ್ಬಿಣ ಅಲ್ಲಲ್ಲಿ ಹೊಳೆಯುವಷ್ಟು ತೆಳ್ಳಗೆ ಮಾಡಿ ಮತ್ತೆ ಒತ್ತಿ ನೋಡಿ.

ಆಮೇಲೆ ಗುರುತಿನ ಆಕಾರ ನೋಡಿ, ವಿಷಯ ಇರುವುದೆಲ್ಲ ಅಲ್ಲೇ. ಅಂಚು ಸ್ಪಷ್ಟವಾಗಿರುವ ದಟ್ಟ ಚುಕ್ಕೆ ಬಿದ್ದಿದ್ದರೆ ಅಲ್ಲಿ ಕಬ್ಬಿಣ ನಿಜವಾಗಿ ಕೂತಿದೆ, ಹೆರೆಯಿರಿ. ಮೇಲಿನಿಂದ ಕೆಳಕ್ಕೆ ಎಳೆದಂತೆ ಮಾಸಲು ಗೆರೆ ಇದ್ದರೆ ನಳಿಗೆ ಇಳಿಯುವಾಗ ಸವರಿಕೊಂಡು ಹೋಗಿದೆ ಅಷ್ಟೇ, ತಳ ಮುಟ್ಟುವವರೆಗೆ ಅದನ್ನು ಮುಟ್ಟಬೇಡಿ. ಉದ್ದಕ್ಕೆ, ಅಂದರೆ ಬ್ರೀಚಿನಿಂದ ಬಾಯಿ ಕಡೆಗೆ ಎಳೆದ ಗೆರೆ ಇದ್ದರೆ ತಪ್ಪು ಮರದ್ದಲ್ಲ, ಕೈಯದ್ದು. ನಳಿಗೆಯನ್ನು ಹಿಂದೆ ಮುಂದೆ ಜಾರಿಸಿದ್ದೀರಿ. ಸ್ವಾಂಪ್ಡ್ ನಳಿಗೆಯನ್ನು ನೇರ ಕೆಳಕ್ಕೆ ಇಳಿಸಬೇಕು, ನೇರ ಮೇಲಕ್ಕೆ ಎತ್ತಬೇಕು. ಬ್ರೀಚಿನ ಭಾಗವನ್ನೇ ಮೊದಲು ಕೂರಿಸಿ ಅಲ್ಲಿಂದ ಮುಂದಕ್ಕೆ ಬನ್ನಿ. ಹಿಂದಿನ ಗೋಡೆಗೆ ಒಮ್ಮೆ ಒತ್ತಿ ನಿಂತ ಮೇಲೆ ನಳಿಗೆ ಪ್ರತಿ ಸಲವೂ ಅದೇ ಜಾಗಕ್ಕೆ ಬರುತ್ತದೆ, ಗುರುತುಗಳೂ ಸುಳ್ಳು ಹೇಳುವುದಿಲ್ಲ.

ಒತ್ತಿದ ನಳಿಗೆ ಸಿಕ್ಕಿಹಾಕಿಕೊಂಡರೆ ಬಾಯಿಯ ಹತ್ತಿರ ಸ್ಕ್ರೂಡ್ರೈವರ್ ತೂರಿಸಿ ಎತ್ತಬೇಡಿ, ಅಂಚು ಕಿತ್ತುಬರುತ್ತದೆ. ಟ್ಯಾಂಗಿನ (ಬ್ರೀಚ್ ಪ್ಲಗ್ಗಿನಿಂದ ಹಿಂದಕ್ಕೆ ಚಾಚಿದ ಕಬ್ಬಿಣದ ನಾಲಿಗೆ) ತೂತಿಗೆ ಉದ್ದ ಬೋಲ್ಟ್ ಹಾಕಿ ಒಂದು ಹಿಡಿ ಮಾಡಿಕೊಳ್ಳಿ. ಬಾಯಿ ಮರದಿಂದ ಸ್ವಲ್ಪ ಹೊರಗಿರುತ್ತದಲ್ವಾ, ಅಲ್ಲಿಗೆ ಚರ್ಮ ಸುತ್ತಿ ಕ್ಲಾಂಪ್ ಕಚ್ಚಿಸಿ ಇನ್ನೊಂದು ಹಿಡಿ. ಎರಡನ್ನೂ ಒಟ್ಟಿಗೆ ಎತ್ತಿ.

## ಕೂತಿದೆ, ಆದರೆ ತೂಗಾಡುತ್ತದೆ

ಬಾಯಿ ಒತ್ತಿದರೆ ಬ್ರೀಚ್ ಏಳುತ್ತದೆ, ಬ್ರೀಚ್ ಒತ್ತಿದರೆ ಬಾಯಿ ಏಳುತ್ತದೆ. ನಡುವೆ ಎಲ್ಲೋ ದಿಬ್ಬ ಇದೆ.

ಎಲ್ಲಿದೆ ಅಂತ ಹುಡುಕಲು ಸಿಗರೇಟ್ ಕಾಗದದಷ್ಟು ತೆಳುವಾದ ಕಾಗದದ ಪಟ್ಟಿಗಳು ಸಾಕು. ನಾಲ್ಕೈದು ಜಾಗದಲ್ಲಿ ಅಡ್ಡ ಇಟ್ಟು ನಳಿಗೆ ಇಳಿಸಿ, ಎರಡು ತುದಿಗೂ ಕೈಭಾರ ಮಾತ್ರ ಕೊಟ್ಟು ಒಂದೊಂದೇ ಪಟ್ಟಿ ಎಳೆಯಿರಿ. ಹಿಡಿದುಕೊಂಡ ಪಟ್ಟಿಯ ಕೆಳಗೆ ದಿಬ್ಬ. ಹೆಚ್ಚಾಗಿ ಇದು ಸೊಂಟಕ್ಕಿಂತ ಹಿಂದೆ ಇರುತ್ತದೆ. ನಮ್ಮ ಮಾದರಿಯಲ್ಲಿ ಕಾಲುವೆಯ ತಳ ಬ್ರೀಚಿನಿಂದ ಸೊಂಟಕ್ಕೆ ಹೋಗುವಾಗ 1/8 ಇಂಚು ಏರಬೇಕು, ಅಲ್ಲಿಂದ ಬಾಯಿಗೆ 1/32 ಇಂಚು ಇಳಿಯಬೇಕು. ಏರಿಕೆಯಲ್ಲಿ ಒಂದು ಕಡೆ ಮರ ಉಬ್ಬಿ ಉಳಿದರೂ ನಳಿಗೆ ಅದರ ಮೇಲೆ ತೂಗುತ್ತದೆ.

ಇದಕ್ಕೆ ಉಲ್ಟಾ ಲಕ್ಷಣವೂ ಉಂಟು, ನನ್ನ ಪ್ರಕಾರ ಅದೇ ಹೆಚ್ಚು ಮೋಸದ್ದು. ನಳಿಗೆ ಅಲ್ಲಾಡುವುದೇ ಇಲ್ಲ, ಗಟ್ಟಿಯಾಗಿ ಕೂತಂತಿದೆ, ಆದರೆ ಸೊಂಟದ ಹತ್ತಿರದ ಕಾಗದ ಸುಲಭವಾಗಿ ಜಾರಿ ಬರುತ್ತದೆ. ತಳವನ್ನು ನೇರ ಗೆರೆಯಲ್ಲಿ ತೋಡಿದಾಗ ಹೀಗಾಗುತ್ತದೆ. ಎರಡು ತುದಿ ತಾಗಿವೆ, ನಡು ಗಾಳಿಯಲ್ಲಿದೆ. ಈಗೇನೋ ಸರಿ, ನಾಳೆ ನಳಿಗೆಯನ್ನು ಮರಕ್ಕೆ ಹಿಡಿಸುವ ಪಿನ್ ಹೊಡೆದಾಗ ಆ ಪಿನ್ ನಳಿಗೆಯ ಅತಿ ಸಣ್ಣ ಜಾಗವನ್ನು ಕೆಳಕ್ಕೆ ಜಗ್ಗುತ್ತದೆ. ಸಂದಿ ಕಾಗದದ ದಪ್ಪದಷ್ಟಿದ್ದರೆ ಬಿಡಿ. ಒಂದು ಮಿಲಿಮೀಟರ್ ಹತ್ತಿರವಿದ್ದರೆ ಅದೇ ಜಾತಿ ಮರದ ತೆಳು ಪಟ್ಟಿ ಅಂಟಿಸಿ ಮತ್ತೆ ಹೆರೆದು ಕೂರಿಸಿ, ಇಲ್ಲವೇ ಎಪಾಕ್ಸಿ ತುಂಬಿ.

ಎಪಾಕ್ಸಿ ಹಾಕುವವರಿಗೆ ಒಂದು ಎಚ್ಚರಿಕೆ. ನಳಿಗೆಗೆ ಅಂಟದಂತೆ ಮೇಣ ಅಥವಾ ಬಿಡುಗಡೆ ಲೇಪ ಪೂರ್ತಿ ಹಚ್ಚಿ. ಕೆಳಗಿನ ಲಗ್ಗುಗಳ (ನಳಿಗೆಯ ತಳದಲ್ಲಿ ಪಿನ್ ಹೋಗುವ ಕಿವಿಗಳು) ಸಂದಿಗಳನ್ನೂ ಡವ್‌ಟೇಲ್ (ಲಗ್ ಕೂರಿಸಲು ನಳಿಗೆಯಲ್ಲಿ ಕತ್ತರಿಸಿದ ಓರೆ ಅಂಚಿನ ತೋಡು) ಮೂಲೆಗಳನ್ನೂ ಜೇಡಿಮಣ್ಣಿನಿಂದ ಮುಚ್ಚಿ. ಲಗ್ಗಿನ ತೂತಿಗೆ ಎಪಾಕ್ಸಿ ಹೊಕ್ಕು ಗಟ್ಟಿಯಾದರೆ ನಳಿಗೆ ಮೇಲೇಳುವುದಿಲ್ಲ. ನೇರ ನಳಿಗೆಯಾದರೆ ಮುಂದಕ್ಕಾದರೂ ಬಡಿದು ಜಾರಿಸುವ ಆಸೆ ಇರುತ್ತದೆ. ಇಲ್ಲಿ ಬಾಯಿಯ ಕಡೆ ದಪ್ಪ, ಹಿಂದೆಯೂ ದಪ್ಪ, ಸೊಂಟದಲ್ಲೇ ಸಿಕ್ಕಿ ನಿಲ್ಲುತ್ತದೆ. ಕೊನೆಗೆ ಮರ ಒಡೆದೇ ತೆಗೆಯಬೇಕಾದೀತು.

## ಪಕ್ಕದಲ್ಲಿ ಸಂದಿ ಕಾಣುತ್ತದೆ

ನಳಿಗೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ್ದಕ್ಕೇ ಸಂದಿ ಬಿತ್ತು ಅಂತ ತುಂಬ ಜನ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಬ್ರೀಚಿನಿಂದ ಸೊಂಟಕ್ಕೆ 28 ಇಂಚು ಅಂದುಕೊಳ್ಳಿ, ಅಷ್ಟರಲ್ಲಿ ದಪ್ಪ ಕಾಲು ಇಂಚು ಇಳಿಯುತ್ತದೆ. ಒಂದು ಮಿಲಿಮೀಟರ್ ಸರಿದರೆ ಅಗಲದಲ್ಲಿ ಆಗುವ ವ್ಯತ್ಯಾಸ 0.009 ಮಿ.ಮೀ. ಮೂರು ಮಿಲಿಮೀಟರ್ ಸರಿಸಿದರೂ ಎರಡು ಪಕ್ಕ ಸೇರಿ 0.03 ಮಿ.ಮೀ. ಮುಟ್ಟುವುದಿಲ್ಲ, ಅದು ಕೂದಲೆಳೆಗಿಂತ ಕಡಿಮೆ. ಕಣ್ಣಿಗೆ ಕಾಣುವ ಸಂದಿ ಬರಬೇಕಾದರೆ ಒಂದಿಂಚಿನಷ್ಟು ಸರಿಯಬೇಕು, ಆಗಲೂ ಪಕ್ಕಕ್ಕೆ ಬರುವುದು ಸುಮಾರು 0.1 ಮಿ.ಮೀ. ಹಾಗಾಗಿ ಕಾರ್ಡು ತೂರುವಷ್ಟು ಸಂದಿ ಇದ್ದರೆ ಬೇರೆ ಕಾರಣ ಹುಡುಕಿ.

ಸಂದಿ ಒಂದೇ ಪಕ್ಕ ಇದ್ದು ಎದುರು ಪಕ್ಕ ಬಿಗಿ ಇದೆಯಾ? ನಳಿಗೆ ಬಿಗಿ ಇರುವ ಕಡೆಗೆ ಒರಗಿದೆ, ಅಥವಾ ಮುಂಭಾಗದ ಮರವೇ ಬಾಗಿದೆ. ನಳಿಗೆ ತೆಗೆದು ಖಾಲಿ ಸ್ಟಾಕನ್ನು ಬಟ್ ಕಡೆಯಿಂದ ಒಂದೇ ಕಣ್ಣಲ್ಲಿ ನೋಡಿ. ತೆಳು ಮರ ಸ್ವಲ್ಪ ಬಾಗಿರುವುದು ಸಹಜ. ಎರಡು ಬೆರಳಿನಿಂದ ಒತ್ತಿದರೆ ನೆಟ್ಟಗಾಗುವಷ್ಟಿದ್ದರೆ ಚಿಂತೆ ಬೇಡ, ನಳಿಗೆಯೇ ಅದನ್ನು ಹಿಡಿದಿಡುತ್ತದೆ. ಕ್ಲಾಂಪ್ ಹಾಕಿ ಬಿಗಿದರೆ ಮಾತ್ರ ಬರುತ್ತದೆ ಅಂದರೆ ಆ ಮರ ಮುಂದೆಯೂ ಎಳೆಯುತ್ತಲೇ ಇರುತ್ತದೆ.

ಎರಡೂ ಪಕ್ಕ ಸಮನಾಗಿ ಸಂದಿ ಇದ್ದರೆ ಅಲ್ಲಿ ಮರ ಹೆಚ್ಚು ಹೋಗಿದೆ. ಅಂಚಿನಲ್ಲಿ ಕಾಣದಂತೆ ಮಾಡಲು ಒಂದು ಉಪಾಯ: ಮೇಲಂಚನ್ನು ಇನ್ನೂ ಅಂತಿಮ ಮಟ್ಟಕ್ಕೆ ಇಳಿಸಿಲ್ಲವಾದರೆ ನಳಿಗೆಯನ್ನು ಇನ್ನೊಂದು ಚೂರು ಆಳಕ್ಕೆ ಬಿಡಿ. ಕೆಳಗಿನ ಓರೆ ಪಟ್ಟಿಗಳ ಹತ್ತಿರದ ಸಂದಿ ಅದರಿಂದ ಮುಚ್ಚುತ್ತದೆ. ನೇರ ನಿಂತ ಪಕ್ಕದ ಪಟ್ಟಿಯ ಸಂದಿ ಮುಚ್ಚುವುದಿಲ್ಲ, ಅದಕ್ಕೆ ಮರದ ಚಕ್ಕೆಯೇ ಗತಿ.

## ಟ್ಯಾಂಗ್ ಸ್ಕ್ರೂ ಬಿಗಿದರೆ ಬಾಯಿ ಮೇಲೇಳುತ್ತದೆ

ಸ್ಕ್ರೂ ಸಡಿಲ ಬಿಟ್ಟು ಬಾಯಿಯ ಕೆಳಗೆ ಕಾಗದ ಇಡಿ. ಎಳೆದರೆ ಬರಬಾರದು. ಈಗ ಸ್ಕ್ರೂ ಬಿಗಿಯುತ್ತಾ ಮತ್ತೆ ಎಳೆಯಿರಿ. ಕಾಗದ ಸಡಿಲವಾಯಿತು ಅಂದರೆ ಟ್ಯಾಂಗಿನ ಹಿಂತುದಿಯ ಕೆಳಗೆ ಮರ ಇಲ್ಲ, ಬ್ರೀಚಿನ ತಳದಲ್ಲಿ ಮರ ಎತ್ತರವಿದೆ. ಸ್ಕ್ರೂ ಟ್ಯಾಂಗನ್ನು ಕೆಳಗೆಳೆಯುವಾಗ ನಳಿಗೆ ಆ ಎತ್ತರದ ಮೇಲೆ ತಿರುಗುತ್ತದೆ. ಬ್ರೀಚಿನ ತಳಕ್ಕೆ ಮಸಿ ಹಚ್ಚಿ ಆ ದಿಬ್ಬ ಹುಡುಕಿ ಹೆರೆಯಿರಿ. ದಿಬ್ಬ ಇಲ್ಲವೆಂದಾದರೆ ಟ್ಯಾಂಗೇ ಮಣಿಕಟ್ಟಿನ (ಸ್ಟಾಕಿನಲ್ಲಿ ಕೈ ಹಿಡಿಯುವ ಸಣ್ಣ ಭಾಗ) ಇಳಿಜಾರಿಗೆ ಬಾಗಿಲ್ಲ. ಅದನ್ನು ಮರದೊಳಗೆ ಇಟ್ಟು ಬಾಗಿಸಬಾರದು. ಹೊರಗೆ ತೆಗೆದು, ವೈಸಿನಲ್ಲಿ ಕಚ್ಚಿಸಿ, ಸ್ವಲ್ಪ ಸ್ವಲ್ಪವೇ ಬಾಗಿಸಿ.

ಟ್ಯಾಂಗಿನ ಹಿಂದೆ ಮರದಲ್ಲಿ ಕೂದಲಿನಂಥ ಬಿರುಕು ಕಂಡರೆ ಬೇರೆ ಕಥೆ, ಮತ್ತು ಗಂಭೀರ. ಗುಂಡು ಹಾರಿದಾಗ ನಳಿಗೆ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ನಳಿಗೆಯ ಅಗಲವಾದ ಹಿಂಬದಿ ತೆಗೆದುಕೊಳ್ಳಬೇಕು. ಅಲ್ಲಿ ಮರ ತಾಗದೆ ಟ್ಯಾಂಗಿನ ಕಿರಿದಾದ ತುದಿ ಮಾತ್ರ ತಾಗುತ್ತಿದ್ದರೆ ಅದು ಬೆಣೆಯಂತೆ ಮಣಿಕಟ್ಟನ್ನು ಸೀಳುತ್ತದೆ. ಹಿಂಬದಿಗೆ ಮಸಿ ಹಚ್ಚಿ ನೋಡಿ. ಗುರುತು ಎರಡೂ ಪಕ್ಕ ಸಮನಾಗಿ ಬೀಳಬೇಕು. ಟ್ಯಾಂಗಿನ ತುದಿಯಲ್ಲಿ ಕಾಗದದಷ್ಟು ಜಾಗ ಬಿಡಿ. ಬಿರುಕು ಈಗಾಗಲೇ ಬಂದಿದ್ದರೆ ಆ ಕೋವಿಯಿಂದ ಗುಂಡು ಹಾರಿಸಬೇಡಿ. ಕೈಯಿಂದ ಬಾಗಿಸಿದಾಗ ಬಿರುಕು ಬಾಯಿ ಬಿಡುತ್ತದಾದರೆ ಅಂಟು ಹಾಕುವ ಕೆಲಸವನ್ನೂ ಅನುಭವಸ್ಥರಿಗೆ ಬಿಡಿ.

## ಬೆಂಕಿ ತೂತು ಪ್ಯಾನಿನ ನೇರಕ್ಕೆ ಬರುವುದಿಲ್ಲ

ಕಲ್ಲು ಹೊಡೆದು ಕಿಡಿ ಹಾರಿಸುವ ಫ್ಲಿಂಟ್‌ಲಾಕ್ ಆದರೆ ತೂತು ಪ್ಯಾನಿನ (ಕಿಡಿ ಬೀಳುವ ಮದ್ದಿನ ಪುಟ್ಟ ತಟ್ಟೆ) ನಡುವಿಗೆ ಬರಬೇಕು. ತೂತು ಇನ್ನೂ ಕೊರೆದಿಲ್ಲವಾದರೆ ನೀವು ಅದೃಷ್ಟವಂತರು. ಪ್ಲಗ್ಗಿನ ಉದ್ದ ಅಳೆದು, ಅದರ ಮುಖ ಎಲ್ಲಿ ಬರುತ್ತದೆ ಅಂತ ನಳಿಗೆಯ ಹೊರಗೆ ಗೆರೆ ಎಳೆಯಿರಿ. ಪ್ಯಾನಿನ ನಡು ಆ ಗೆರೆಗಿಂತ ಸ್ವಲ್ಪ ಮುಂದೆ ಇರಬೇಕು. ನಳಿಗೆ ಹಿಂದಿನ ಗೋಡೆಗೆ ಪೂರ್ತಿ ಒತ್ತಿದೆಯಾ ಅಂತ ಮೊದಲು ನೋಡಿ. ಆ ಗುಂಡಗಿನ ಮೂಲೆಗಳು ಇಲ್ಲೂ ಆಟ ಆಡುತ್ತವೆ. ಎರಡು ಮೂರು ಮಿಲಿಮೀಟರ್ ಹಿಂದಕ್ಕೆ ಬಿಟ್ಟರೂ ಪಕ್ಕದಲ್ಲಿ ಸಂದಿ ಬೀಳುವುದಿಲ್ಲ ಅಂತ ಮೇಲೆ ಲೆಕ್ಕ ಹಾಕಿದೆವಲ್ಲ, ಧೈರ್ಯವಾಗಿ ಸರಿಸಿ.

ತೂತು ಪ್ಲಗ್ಗಿನ ಮರೆಗಳ (ಸ್ಕ್ರೂ ಸುತ್ತುಗಳ) ಮೇಲೆ ಬೀಳುತ್ತದೆ ಅಂತ ಕಂಡರೆ ಕೊರೆಯಬೇಡಿ. ಲಾಕ್ (ಕಿಡಿ ಹಾರಿಸುವ ಯಂತ್ರ) ಮುಂದಕ್ಕೆ ಹೋಗುತ್ತದಾ, ಬೇರೆ ಪ್ಲಗ್ ಬೇಕಾ ಅನ್ನುವುದನ್ನು ಕೋವಿ ಕೆಲಸದವರ ಜೊತೆ ಕೂತು ತೀರ್ಮಾನಿಸಿ.

## ಬಾಯಿ ಒಂದು ಪಕ್ಕಕ್ಕೆ ಹೋಗಿದೆ, ಅಥವಾ ನಳಿಗೆ ಹೊರಳಿದೆ

ಪಕ್ಕದ ಪಟ್ಟಿಗೆ ಸ್ಕೇಲ್ ಇಟ್ಟು ನೋಡಬೇಡಿ, ಅದು ನೇರವೇ ಅಲ್ಲ. ಮೇಲಿನ ಪಟ್ಟಿಯಲ್ಲಿ ಬ್ರೀಚ್, ಸೊಂಟ, ಬಾಯಿ ಮೂರೂ ಕಡೆ ನಡು ಬಿಂದು ಗುರುತಿಸಿ, ನೂಲು ಬಿಗಿದು ಮೂರರ ಮೇಲೂ ಹಾಯಿಸಿ, ಅದೇ ನೂಲನ್ನು ಬಟ್ಟಿನವರೆಗೆ ಎಳೆಯಿರಿ. ಕೆಲವು ಸ್ಟಾಕುಗಳಲ್ಲಿ ಬಟ್ ಬೇಕೆಂದೇ ಒಂದು ಪಕ್ಕಕ್ಕೆ ಬಾಗಿರುತ್ತದೆ, ಅದನ್ನು ದೋಷ ಅಂದುಕೊಳ್ಳಬೇಡಿ.

ಹೊರಳಿದೆಯಾ ನೋಡಲು ಎರಡು ನೇರ ಕಡ್ಡಿಗಳನ್ನು ಮೇಲಿನ ಪಟ್ಟಿಯ ಮೇಲೆ ಅಡ್ಡ ಇಡಿ, ಒಂದು ಬ್ರೀಚಿಗೆ, ಒಂದು ಬಾಯಿಗೆ. ಹಿಂದಿನಿಂದ ನೋಡಿದರೆ ಎರಡೂ ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ನಳಿಗೆಯ ಪಟ್ಟಿಗಳೇ ತಿರುಚಿವೆ. ಇವೆರಡೂ ಸರಿಯಿದ್ದು ಲಾಕ್ ಪ್ಲೇಟ್ ಮಾತ್ರ ಬ್ರೀಚಿನ ಪಕ್ಕಕ್ಕೆ ಮೇಲೆ ತಾಗಿ ಕೆಳಗೆ ಬಿಟ್ಟುಕೊಂಡರೆ ಕಾಲುವೆಯ ಒಂದು ಓರೆ ಗೋಡೆ ಎತ್ತರ ಉಳಿದಿದೆ. ಆ ಕಡೆ ಮಾತ್ರ ಹೆರೆಯಿರಿ.

## ಗಜ ಒಳಗೆ ಹೋಗುವಾಗ ಬಿಗಿಯುತ್ತದೆ

ಗಜ ಇಡುವ ತೂತು ನಳಿಗೆಯ ಕೆಳಗೆ ಮರದಲ್ಲಿರುತ್ತದೆ. ಮೊದಲು ಅದಕ್ಕೆ ಬೇರೆ ನೇರ ಕಡ್ಡಿ ಹಾಕಿ ನೋಡಿ. ಎಷ್ಟೋ ಸಲ ಗಜವೇ ಬಾಗಿರುತ್ತದೆ. ಆಮೇಲೆ ಪಿನ್‌ಗಳನ್ನು, ಮುಂದಿನ ಲಾಕ್ ಬೋಲ್ಟನ್ನು ಒಂದೊಂದಾಗಿ ತೆಗೆದು ನೋಡಿ. ಯಾವುದನ್ನು ತೆಗೆದಾಗ ಸಲೀಸಾಗುತ್ತದೋ ಅದೇ ಕಳ್ಳ.

ಗಜದ ತೂತು ರಂಧ್ರಕ್ಕೆ ಸಮಾನಾಂತರವಾಗಿ ಹೋದರೆ, ಸೊಂಟದ ಹತ್ತಿರ ನಳಿಗೆಯ ತಳಕ್ಕೂ ಗಜದ ತೂತಿಗೂ ನಡುವಿನ ಮರ 6 ಮಿ.ಮೀ. ಇದ್ದದ್ದು ಬ್ರೀಚಿಗೆ ಬರುವಾಗ 3 ಮಿ.ಮೀ.ಗಿಂತ ತುಸು ಕಡಿಮೆಗೆ ಇಳಿಯುತ್ತದೆ, ಯಾಕೆಂದರೆ ನಳಿಗೆಯ ತಳ ಅಷ್ಟು ಕೆಳಗೆ ಬಂದಿರುತ್ತದೆ. ಮುಂದಿನ ಲಾಕ್ ಬೋಲ್ಟೇ 4 ಮಿ.ಮೀ. ದಪ್ಪವಿದ್ದರೆ ಎಲ್ಲಿ ಹೋಗಬೇಕು ಅದು? ಅಳೆಯಬೇಕಾದರೆ ಕಾಲುವೆಯ ತಳದಿಂದ ಗಜದ ತೂತಿಗೆ ಒಂದು ಸಣ್ಣ ತೂತು ಕೊರೆದು ಕಡ್ಡಿ ಇಳಿಸಿ ನೋಡಿ. ನಳಿಗೆ ಕೂತ ಮೇಲೆ ಅದು ಮುಚ್ಚಿಹೋಗುತ್ತದೆ. ಬೋಲ್ಟಿನ ಪಕ್ಕ ಸ್ವಲ್ಪ ಅರ ಹಾಕಬಹುದು, ಗಜದ ತುದಿ ಸಣ್ಣ ಮಾಡಬಹುದು. ನಳಿಗೆಯ ತಳದಲ್ಲಿ ತೋಡು ತೆಗೆಯಬೇಡಿ.

ಗಜದ ತೂತು ಒಂದು ಕಡೆ ಕಾಲುವೆಗೇ ಹರಿದು ಬಂದಿದ್ದರೆ ಆಕಾಶ ತಲೆ ಮೇಲೆ ಬೀಳುವುದಿಲ್ಲ, ಕೋವಿ ಕೆಲಸ ಮಾಡುತ್ತದೆ. ಹೊರಗಿನ ಮರದ ಕಡೆಗೆ ಹರಿದಿದ್ದರೆ ಅದು ಬೇರೆ ಮಾತು, ಮುಚ್ಚಿದರೂ ಗುರುತು ಕಾಣುತ್ತದೆ.

## ಮೊದಲು ಸರಿಯಿತ್ತು, ಕೆಲವು ತಿಂಗಳಾದ ಮೇಲೆ ಸಂದಿ ಬಿತ್ತು

ಮರ ಒಣಗಿದೆ. ಹಸಿಯಿಂದ ಪೂರ್ತಿ ಒಣಗುವವರೆಗೆ ಲೆಕ್ಕ ಹಾಕಿದರೆ ಗಟ್ಟಿ ಮೇಪಲ್ ಒಂದು ಅಡ್ಡಕ್ಕೆ ಸುಮಾರು 5%, ಇನ್ನೊಂದು ಅಡ್ಡಕ್ಕೆ ಸುಮಾರು 10% ಕುಗ್ಗುತ್ತದೆ. ಒಣಗಿಸಿದ ಮರದಲ್ಲಿ ಉಳಿದಿರುವುದು ಅದರ ಸಣ್ಣ ಪಾಲು, ಆದರೂ ಸಂದಿ ಕಾಣಲು ಅಷ್ಟು ಸಾಕು. ಕಾರಣ ಹೆಚ್ಚಾಗಿ ಇಷ್ಟೇ: ಹೊರಗೆಲ್ಲ ಎಣ್ಣೆ, ವಾರ್ನಿಶ್ ಹೊಳೆಯುತ್ತದೆ, ಕಾಲುವೆಯೊಳಗೆ ಲೇಪವಿಲ್ಲದ ಬರಿ ಮರ ಹಾಗೇ ಇದೆ. ತೇವ ಅಲ್ಲಿಂದಲೇ ಹೋಗಿ ಬಂದು ಮಾಡುತ್ತದೆ. ಒಳಗೂ ಲೇಪ ಹಾಕಿ. ಸಂದಿ ತುಂಬಲು ಆತುರ ಬೇಡ, ತೇವದ ಕಾಲ ಬಂದಾಗ ಮುಚ್ಚಿಕೊಳ್ಳುತ್ತದಾ ನೋಡಿ. ಈಗ ತುಂಬಿದರೆ ಆಗ ಮರ ಉಬ್ಬಿ ಅಂಚು ಸೀಳಬಹುದು.

## ಪಿನ್ ಹೊಡೆದ ಮೇಲೆ ಗುಂಡು ಬೀಳುವ ಜಾಗ ಬದಲಾಯಿತು

ಬಿಸಿಯಾಗುತ್ತಾ ಹೋದಂತೆ ಗುಂಡು ಮೇಲೆ ಅಥವಾ ಕೆಳಗೆ ಸರಿಯುತ್ತದೆ, ನಳಿಗೆ ತಣ್ಣಗಾದರೆ ಮತ್ತೆ ಮೊದಲಿನ ಜಾಗ. ನಳಿಗೆ ಎಲ್ಲೋ ಬಿಗಿದುಕೊಂಡಿದೆ. ಕೋವಿ ಖಾಲಿ ಮಾಡಿ ಪಿನ್‌ಗಳನ್ನು ಒಂದೊಂದೇ ಹೊರಗೆ ತಳ್ಳಿ. ಒಂದು ಪಿನ್ ತೆಗೆದ ತಕ್ಷಣ ನಳಿಗೆ ಟಕ್ಕೆಂದು ಮೇಲೆದ್ದರೆ ಆ ಲಗ್ಗಿನ ತೂತು ಮೇಲಿದೆ, ಪಿನ್ ಕೆಳಗೆ ಜಗ್ಗುತ್ತಿತ್ತು. ಮೇಲೇಳದಿದ್ದರೆ ಲಗ್ಗಿನ ತೂತನ್ನು ಉದ್ದಕ್ಕೆ ಹಿಗ್ಗಿಸಿದೆಯಾ ನೋಡಿ. ನಳಿಗೆ ಬಿಸಿಯಾದರೆ ಉದ್ದವಾಗುತ್ತದೆ, ಮರ ಕಾಲಕ್ಕೆ ತಕ್ಕಂತೆ ಆಡುತ್ತದೆ. ಗುಂಡಗಿನ ಬಿಗಿ ತೂತಿನಲ್ಲಿ ಎರಡಕ್ಕೂ ಜಾಗ ಇರುವುದಿಲ್ಲ. ಸಣ್ಣ ಅರದಿಂದ ಹಿಂದೆ ಮುಂದೆ ಒಂದೊಂದು ಮಿ.ಮೀ. ಹಿಗ್ಗಿಸಿದರೆ ಸಾಕು, ಮೇಲೆ ಕೆಳಗೆ ಮುಟ್ಟಬೇಡಿ.

ಲಗ್ ಅಥವಾ ಗುರಿಕಣ್ಣು ಕೂರಿಸಲು ಸೊಂಟದ ಹತ್ತಿರ ಡವ್‌ಟೇಲ್ ಕತ್ತರಿಸುವ ಮೊದಲು ಈ ಲೆಕ್ಕ ಮಾಡಿ. ನಮ್ಮ ಮಾದರಿಯಲ್ಲಿ ಸೊಂಟದ ದಪ್ಪ 19 ಮಿ.ಮೀ., ರಂಧ್ರ 12.7, ಒಂದು ಕಡೆಯ ಗೋಡೆ 3.2 ಮಿ.ಮೀ. ಮಾತ್ರ. ರೈಫಲ್ ಗೀರಿನ ಆಳ 0.3 ಹೋಯಿತು. ಡವ್‌ಟೇಲ್ 1.2 ಹೋದರೆ ಉಳಿದದ್ದು 1.7 ಮಿ.ಮೀ. ಬ್ರೀಚಿನ ಹತ್ತಿರ ಅದೇ ಆಳ ಲೆಕ್ಕಕ್ಕೇ ಇಲ್ಲ, ಅಲ್ಲಿನ ಗೋಡೆ 6 ಮಿ.ಮೀ.ಗೂ ಜಾಸ್ತಿ. ಎಲ್ಲ ಡವ್‌ಟೇಲುಗಳಿಗೂ ಒಂದೇ ಆಳ ಇಟ್ಟುಕೊಂಡು ಹೋಗುವ ಅಭ್ಯಾಸ ಇಲ್ಲಿ ಅಪಾಯ. ಆದಷ್ಟು ಲಗ್ಗುಗಳನ್ನು ಸೊಂಟದಿಂದ ದೂರ ಇಡಿ.

ಪಿನ್ ತೂತು ಕೊರೆಯುವಾಗ ಡ್ರಿಲ್ ಲಗ್ ತಪ್ಪಿಸಿ ನಳಿಗೆಯ ತಳ ಕೊರೆದಿದ್ದರೆ, ಅಥವಾ ಡವ್‌ಟೇಲಿನ ಕೆಳಗೆ ರಂಧ್ರದ ಒಳಮೈಯಲ್ಲಿ ಉಬ್ಬು ಕಂಡರೆ, ಗಜದ ತುದಿಗೆ ಬಟ್ಟೆ ಸುತ್ತಿ ನಿಧಾನ ಎಳೆದು ನೋಡಿ. ಒಂದು ಜಾಗದಲ್ಲಿ ತಡೆದರೆ ಹಾನಿ ಒಳಗಿನವರೆಗೆ ಹೋಗಿದೆ; ತಡೆಯದಿದ್ದರೂ ಗೊತ್ತಿರುವವರಿಗೆ ತೋರಿಸುವವರೆಗೆ ಆ ನಳಿಗೆಗೆ ಮದ್ದು ಹಾಕಬೇಡಿ. ವೆಲ್ಡ್ ಮಾಡಿ ಮುಚ್ಚಿಕೊಡುತ್ತೇನೆ ಅಂತ ಯಾರಾದರೂ ಅಂದರೂ ಒಪ್ಪಬೇಡಿ. ನಳಿಗೆ ತಯಾರಿಸಿದವರಿಗೋ ಅನುಭವವಿರುವ ಕೋವಿ ಕೆಲಸದವರಿಗೋ ಕಳಿಸಿ, ಎಷ್ಟು ಆಳ ಹೋಗಿದೆ ಅಂತ ಮುಚ್ಚುಮರೆಯಿಲ್ಲದೆ ಬರೆದು ಜೊತೆಗಿಡಿ.